ಎದ್ದರೆ ಹಿಂದಕ್ಕೆ ಹೋಗುವ ಆಟ

ನಮ್ಮೂರ ನಾಟಕದ ಮನೆಯಲ್ಲಿ ಕೂತವರು ನಡುವೆ ಎದ್ದರೆ ಆಟ ಹಿಂದಕ್ಕೆ ಹೋಗುತ್ತದೆ. ಆ ಸೀನಿನ ಮೊದಲಿಗೇ ಹೋಗಿ ನಿಲ್ಲುತ್ತದೆ. ಪಾರ್ಟು ಮಾಡುವವರ ಕಾಲುಗಳು ತಾವಾಗಿಯೇ ಹಿಂದೆ ಸರಿದು, ಅವರು ಎಲ್ಲಿಂದ ಬಂದಿದ್ದರೋ ಅಲ್ಲಿಗೇ ಮುಟ್ಟಿಸುತ್ತವೆ. ಒಡೆದ ಗಡಿಗೆ ಕೂಡಿಕೊಳ್ಳುತ್ತದೆ, ಚೆಲ್ಲಿದ ಹೂವು ಬುಟ್ಟಿ ಸೇರುತ್ತದೆ. ಮಾತನ್ನು ಮಾತ್ರ ಅವರೇ ಮತ್ತೆ ಆಡಬೇಕು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ದಾವಲಬಿ, ಆ ನಾಟಕದ ಮನೆಯಲ್ಲಿ ಸೋಡಾ ಮಾರುವವಳು. ನಮ್ಮಮ್ಮನೂ ಅಲ್ಲೇ ಸೋಡಾ ಮಾರಿದವಳು, ಅವಳ ಕಾಲಕ್ಕೂ ಹೀಗೇ ಇತ್ತು.

ಊರು ಇದಕ್ಕೆ ಹೊಂದಿಕೊಂಡಿದೆ. ಆಟ ಇದ್ದ ದಿನ ಮಧ್ಯಾಹ್ನದ ಮೇಲೆ ಯಾರೂ ಚಹಾ ಕುಡಿಯುವುದಿಲ್ಲ, ಕುಡಿ ಅಂತ ಯಾರೂ ಒತ್ತಾಯ ಮಾಡುವುದೂ ಇಲ್ಲ. ಹೆಣ್ಣು ನೋಡಲು ಬಂದ ಬೀಗರಿಗೂ ಅಂಗೈ ಮೇಲೆ ಇಷ್ಟು ಸಕ್ಕರೆ ಹಾಕಿ ಕಳಿಸಿಬಿಡುತ್ತೇವೆ. ಕೂಸುಗಳನ್ನು ಪಕ್ಕದ ಛತ್ರದಲ್ಲಿ ಅಜ್ಜಿಯರ ಉಡಿಯಲ್ಲಿ ಹಾಕಿ ಬರುತ್ತಾರೆ. ಗಳಿಗೆಗೊಮ್ಮೆ ಹೊರಗೆ ಹೋಗಬೇಕಾದ ಮುದುಕರು, ದಿನ ತುಂಬಿದ ಬಸುರಿಯರು, ಬೆನ್ನು ಹಿಡಿದವರು, ನಗಾರಿ ಸದ್ದಿಗೆ ಎದೆ ಹಾರುವವರು, ಇವರಿಗೆಲ್ಲ ಆಟ ಇಲ್ಲ. ಅವರೂ ಕೇಳುವುದಿಲ್ಲ. ನಮ್ಮ ನಸೀಬು ಅಂದುಕೊಂಡು ಮನೆಯಲ್ಲಿ ಇರುತ್ತಾರೆ. ಇದು ಅನ್ಯಾಯ ಅಂತ ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ ಬಿಡಿ.

ನೀಲವ್ವನ ಸಂಗತಿ ಇವರೆಲ್ಲರಿಗಿಂತ ಬೇರೆ. ಅವಳಿಗೆ ಕೂರಲಿಕ್ಕೇ ಬರುವುದಿಲ್ಲ. ಬೇನೆಯಲ್ಲ, ಬೇಸರಿಕೆಯಲ್ಲ, ಹುಟ್ಟಿದಾಗಿನಿಂದ ಹಾಗೇ. ಊಟವನ್ನು ಅಡ್ಡಾಡುತ್ತಲೇ ಮಾಡುತ್ತಾಳೆ. ತನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಹಸೆಮಣೆ ಬಿಟ್ಟೆದ್ದು ನೀರು ಕುಡಿಯಲು ಹೋಗಿದ್ದಳಂತೆ. ಸದ್ದು ಜೋರಾದರೆ, ಬೆಳಕು ಕಣ್ಣಿಗೆ ಹೊಡೆದರೆ ಇನ್ನೂ ಹೆಚ್ಚು. ಒಮ್ಮೆ ನಾನೇ ಕೇಳಿದೆ, ಒಳಗೆ ಏನಾಗುತ್ತದೆ ನಿನಗೆ ಅಂತ. ಅವಳು ಅಂದಳು, “ನಗಾರಿ ಬಡದ್ರ ಅದು ಬಂದು ನನ್ನ ಎದಿಯಾಗ ಕುಂದರತೈತಿ ದಾವಲಕ್ಕ. ಅಡ್ಡಾಡಿದ್ರ ಇಳದು ಕಾಲಾಗಿಂದ ಹೋಗತೈತಿ. ಸುಮ್ನ ಕುಂತರ ಎಲ್ಲಿ ಹೋಗಬೇಕದು?”

ದೇವರು ಅವಳಿಗೆ ತಕ್ಕ ಕೆಲಸವನ್ನೂ ಕೊಟ್ಟಿದ್ದ. ನಮ್ಮದು ನೇಕಾರರ ಊರು. ಸೀರೆಗೆ ಹಾಸು ಹಾಕಬೇಕಾದರೆ ಗೂಟದಿಂದ ಗೂಟಕ್ಕೆ ನೂಲು ಹಿಡಿದುಕೊಂಡು ಬೆಳಗಿಂದ ಸಂಜೆತನಕ ಹೋಗಿ ಬಂದು ಮಾಡಬೇಕು. ಬೇರೆ ಹೆಂಗಸರಿಗೆ ಸಂಜೆಗೆ ಮೊಣಕಾಲು ಬಾತುಕೊಳ್ಳುತ್ತವೆ. ನೀಲವ್ವನಿಗೆ ಅದೇ ಹಬ್ಬ. ಅವಳ ಮನೆ ಪಡಸಾಲೆ ತುಂಬ ಫರಸಿಕಲ್ಲು. ಅದರ ಮೇಲೆ ಅವಳ ಕಾಲುಂಗುರ ಟಕ್ ಟಕ್ ಅಂತ ಹೋಗುವುದು, ಗೂಟದ ಹತ್ತಿರ ಗಳಿಗೆ ನಿಲ್ಲುವುದು, ಮತ್ತೆ ಟಕ್ ಟಕ್ ಅಂತ ತಿರುಗಿ ಬರುವುದು. ಓಣಿಯವರಿಗೆಲ್ಲ ಆ ಸದ್ದು ರೂಢಿಯಾಗಿತ್ತು.

ಅದೇ ಪಡಸಾಲೆಯ ಕಂಬಕ್ಕೆ ಒರಗಿ ಅವಳ ಅಕ್ಕ ಕಸ್ತೂರಿಬಾಯಿ ತನ್ನ ಪಾರ್ಟು ಬಾಯಿಪಾಠ ಮಾಡುತ್ತಿದ್ದಳು. ಇಬ್ಬರೂ ಒಂದೇ ಮನೆ, ಒಂದೇ ಒಲೆ. ತಂಗಿ ನಡೆಯುವಳು, ಅಕ್ಕ ಆ ನಡಿಗೆಯ ಮೇಲೆ ಮಾತು ಹಾಕುವಳು. ತಂಗಿ ಗೂಟಕ್ಕೆ ನೂಲು ಸುತ್ತಲು ನಿಂತರೆ ಅಕ್ಕ ಉಸಿರು ತೆಗೆದುಕೊಳ್ಳುವಳು. ಕಂಪನಿಯ ದೊಡ್ಡ ನಾಟಕದಲ್ಲಿ ಕಸ್ತೂರಿಬಾಯಿಯದು ರಾಣಿ ಪಾರ್ಟು. ರಾಜ್ಯ ಕಳೆದುಕೊಂಡ ರಾಣಿ ಕಡೇ ಸೀನಿನಲ್ಲಿ ಕೋಟೆ ಬಾಗಿಲ ಮುಂದೆ ನಿಂತು ಒಂದು ಉದ್ದನೆಯ ಮಾತು ಆಡುತ್ತಾಳೆ. ಅದಕ್ಕಾಗಿಯೇ ಜನ ಮತ್ತೆ ಮತ್ತೆ ಬರುತ್ತಿದ್ದರು. ನೀಲವ್ವನಿಗೆ ಆ ಮಾತೆಲ್ಲ ಬಾಯಿಪಾಠ. ಕಟ್ಟಕಡೆಯ ಒಂದು ಮಾತು ಬಿಟ್ಟು. ಯಾಕೆಂದರೆ ನಾಟಕದ ಕಡೇ ಮಾತನ್ನು ರಂಗದ ಮೇಲೆ ಬಿಟ್ಟು ಬೇರೆಲ್ಲೂ ಆಡಬಾರದು ಅಂತ ಕಂಪನಿಯವರ ಕಟ್ಟು. ತಾಲೀಮಿನಲ್ಲೂ ಆಡುವುದಿಲ್ಲ, ಬರೆದೂ ಇಡುವುದಿಲ್ಲ. ನೋಡಿ ಬಂದವರೂ ಹೊರಗೆ ಹೇಳುವುದಿಲ್ಲ.

ನೀಲವ್ವ ಕಂಡದ್ದು ಇಷ್ಟೇ. ಆಟ ಮುಗಿದಾಗ ಬಾಗಿಲು ತೆರೆಯುತ್ತದೆ, ಮುಂದೆ ಅವಳಕ್ಕ ರಾಣಿ ವೇಷದಲ್ಲಿ, ಹಿಂದೆ ಜನವೆಲ್ಲ, ಯಾರೂ ತುಟಿ ಪಿಟಕ್ಕೆನ್ನದೆ ಬೀದಿಯ ಕೊನೆಯ ಬಾವಿಕಟ್ಟೆಯವರೆಗೆ ನಡೆದು ಹೋಗುತ್ತಾರೆ. ಎಷ್ಟೋ ಮಂದಿಯ ಕಣ್ಣು ಒದ್ದೆಯಾಗಿರುತ್ತದೆ. ಅಂಥದ್ದೇನು ಅಂದಳು ಅಕ್ಕ ಅನ್ನುವುದು ಇವಳಿಗೆ ಗೊತ್ತಿಲ್ಲ. ಇಡೀ ಊರಿಗೆ ಗೊತ್ತಿದ್ದ ಮಾತು ಒಡಹುಟ್ಟಿದವಳಿಗೇ ಗೊತ್ತಿಲ್ಲವೆಂದರೆ ಎಷ್ಟು ಸಂಕಟವಾಗಿರಬೇಡ ಹೇಳಿ.

ಹಾಗಂತ ಅವಳು ಒಳಗೆ ಹೋಗಿಯೇ ಇಲ್ಲ ಅಂತಲ್ಲ. ಹರೆಯದಲ್ಲಿ ಒಮ್ಮೆ ಹೋಗಿದ್ದಳು. ರಾಜ ಸಾಯುವ ಸೀನು. ಸಿಡಿಲಿನ ಸದ್ದಿಗೆ ಒಳಗಿನವರು ತಗಡು ಬಡಿದರು, ಇವಳು ಎದ್ದಳು. ರಾಜ ಹಿಂದಕ್ಕೆ ಹೋಗಿ ಮತ್ತೆ ಬಂದು ಸತ್ತ. ಮತ್ತೆ ತಗಡು, ಮತ್ತೆ ಇವಳು ಎದ್ದಳು. ಪಕ್ಕದವರು ಭುಜ ಹಿಡಿದು ಕೂಡಿಸಿದಷ್ಟೂ ಇವಳು ಏಳುವುದು, ಆ ಪುಣ್ಯಾತ್ಮ ಸಾಯುವುದು. ಕೊನೆಗೆ ರಾಜ ನೆಲದ ಮೇಲೆ ಮಲಗಿದಲ್ಲಿಂದಲೇ ಕೈಮುಗಿದು, “ಯವ್ವಾ, ಈ ಸಲರೆ ನನ್ನ ಸಾಯಾಕ ಬಿಡವಾ” ಅಂದ. ಜನ ಬಿದ್ದು ಬಿದ್ದು ನಕ್ಕರು. ಆ ನಗೆ ಅವಳ ಬೆನ್ನಟ್ಟಿಕೊಂಡು ಮನೆತನಕ ಬಂತು. ಅಂದಿನಿಂದ ಅವಳ ಹೆಸರು ಕುಂದ್ರದ ನೀಲವ್ವ ಅಂತಲೇ ಆಯಿತು, ಅವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಈಗ ಎರಡು ವರ್ಷದಿಂದ ಕಸ್ತೂರಿಬಾಯಿಗೆ ಮರೆವು ಹತ್ತಿಕೊಂಡಿತ್ತು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುವಳು. ಮಾತಾಡುತ್ತಾ ಆಡುತ್ತಾ ನಿಂತುಬಿಡುವಳು, ಪಡಸಾಲೆಗೆ ಬಂದದ್ದು ಯಾಕೆ ಅಂತ ತಂಗಿಯನ್ನು ಕೇಳುವಳು. ರಂಗದ ಮೇಲೂ ಒಂದೆರಡು ಸಲ ಮಾತು ಕೈಕೊಟ್ಟಿತು, ಜೊತೆಯವರು ಹೇಗೋ ಮುಚ್ಚಿಕೊಂಡು ಹೋದರು. ಪರದೆಯ ಹಿಂದಿನಿಂದ ನಾಟಕದ ಮಾಸ್ತರು ಮಾತು ಹೇಳಿಕೊಟ್ಟರೆ ಯಾರದೋ ಮನೆ ಮಾತು ಕೇಳಿದವಳ ಹಾಗೆ ಅವರ ಕಡೆ ನೋಡುವಳು. ಮಾನ ಇರುವಾಗಲೇ ಬಿಡಬೇಕು ಅಂತ ಅವಳೇ ನಿಶ್ಚಯ ಮಾಡಿದಳು. ಬರುವ ಭಾನುವಾರದ ಆಟವೇ ಕಡೆಯದು ಅಂತ ಕಂಪನಿ ಮಾಲಕ ಅಡಿವೆಪ್ಪನವರು ಊರಲ್ಲಿ ಡಂಗುರ ಹೊಡೆಸಿದರು.

ಅದನ್ನು ಕೇಳಿದ್ದೇ ನೀಲವ್ವನ ಕಾಲು ಇನ್ನಷ್ಟು ಹುಚ್ಚಾದವು. ಹಾಸು ಬಿಟ್ಟು ಓಣಿ ತುಂಬ ತಿರುಗತೊಡಗಿದಳು. ನೋಡಬೇಕು, ಇದೊಂದು ಸಲ ಕೇಳಬೇಕು, ಇಲ್ಲದಿದ್ದರೆ ಇನ್ನಿಲ್ಲ. ಅಡಿವೆಪ್ಪನವರ ಮುಂದೆ ಹೋಗಿ ನಿಂತು ಹಾಗೇ ಅಂದಳು. ನಿಂತು ಅಂದರೆ, ಅವರ ಮೇಜಿನ ಸುತ್ತ ತಿರುಗುತ್ತಾ.

ಅಡಿವೆಪ್ಪನವರು ಕೆಟ್ಟವರಲ್ಲ. ಮೃದು ಮನುಷ್ಯ, ಯಾರಾದರೂ ಅತ್ತರೆ ತಾವೂ ಅಳುವಂಥವರು. ಅವರು ಅವಳೊಬ್ಬಳಿಗಾಗಿಯೇ ಬುಧವಾರ ಹಗಲು ಒಂದು ಸೀನು ಆಡಿಸಿದರು. ನಗಾರಿ ಇಲ್ಲ, ತಗಡು ಇಲ್ಲ, ದೊಡ್ಡ ದೀಪಗಳನ್ನು ಆರಿಸಿ ಕಂದೀಲು ಹಚ್ಚಿಸಿದರು. ಪೇಟಿ ಮಾಸ್ತರಿಗೆ ಮೆತ್ತಗೆ ನುಡಿಸು ಅಂದರು. ಅವಳ ಕಿವಿಗೆ ಹತ್ತಿ, ಕುರ್ಚಿಗೆ ಮೆತ್ತೆ, ಹಿಂದೆ ಬೀಸಣಿಗೆ ಹಿಡಿದು ನಾನು. ಎಲ್ಲ ಸಜ್ಜು ಮಾಡಿ, ಎದುರು ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂಡಿಸಿದರು. ಪರದೆ ಎದ್ದ ಕೂಡಲೇ ಇವಳೂ ಎದ್ದಳು.

“ಇಷ್ಟೆಲ್ಲ ಮಾಡಿದ್ವಲ್ಲವಾ, ಇನ್ನೇನು ಬೇಕು ನಿನಗ?” ಅಂದರು ಅಡಿವೆಪ್ಪ, ಅಳುಮೋರೆ ಮಾಡಿಕೊಂಡು.

ಅವಳು ಕಿವಿಯ ಹತ್ತಿ ತೆಗೆದು ಕುರ್ಚಿಯ ಮೇಲಿಟ್ಟಳು. ತಲೆ ತಗ್ಗಿಸಿಕೊಂಡು ಹೊರಟುಹೋದಳು. ಕುರ್ಚಿಗೆ ಕಟ್ಟಿಹಾಕಿದರೆ ಹೇಗೆ ಅಂತ ಒಬ್ಬರು, ನಿದ್ದೆ ಗುಳಿಗೆ ಅರ್ಧ ಕೊಟ್ಟರೆ ಹೇಗೆ ಅಂತ ಒಬ್ಬರು. ಊರೆಲ್ಲ ಕನಿಕರವೇ, ಏನು ಹೇಳಲಿ.

ಮರುದಿನ ಅವಳ ಮನೆಗೆ ಹೋದೆ. ನಡೆಯುತ್ತಿದ್ದಳು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಅಂತ ನಾನೇ ನನ್ನ ಗೋಳು ಶುರು ಮಾಡಿದೆ. ಹೋದ ವಾರ ಆಟದ ನಡುವೆ ಪೇಟಿ ಮಾಸ್ತರಿಗೆ ಸೋಡಾ ಒಯ್ಯುವಾಗ ಚಪ್ಪಲಿ ಉಂಗುಟ ಕಿತ್ತುಹೋಗಿ ಬೀಳುವ ಹಾಗಾದದ್ದು, ಬಾಟಲಿ ಉಳಿಸಿಕೊಂಡದ್ದು. ನೀಲವ್ವ ಗೂಟದ ಹತ್ತಿರ ನಿಂತಳು. ನೂಲು ಸುತ್ತಲಿಲ್ಲ, ಸುಮ್ಮನೆ ನಿಂತಳು.

“ಆಟ ನಡದಾಗ ನೀ ಒಳಗ ಅಡ್ಡಾಡತೀಯೇನು?”

“ಮತ್ತ? ಸೋಡಾ ತಾನ ನಡಕೊಂತ ಹೋಗತೈತೇನು?”

“ಆಟ ಹಿಂದಕ್ಕ ಹೋಗಂಗಿಲ್ಲ?”

“ಯಾಕ ಹೋಗತೈತಿ? ನಾ ಕುಂತರಲ್ಲ ಏಳೂದು” ಅಂದೆ.

ಅಂದಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನನ್ನ ತಲೆಕೂದಲು ಆ ಮನೆಯಲ್ಲೇ ಬೆಳ್ಳಗಾಗಿವೆ, ಆಟ ನಡೆದಾಗ ನಾನು ಸಾವಿರ ಸಲ ಓಡಾಡಿದ್ದೇನೆ, ದೀಪದವನು ಓಡಾಡಿದ್ದಾನೆ, ಬಾಗಿಲು ಕಾಯುವವನು ಓಡಾಡಿದ್ದಾನೆ. ನಾವು ಲೆಕ್ಕಕ್ಕಿಲ್ಲದ ಮಂದಿ, ಅದಕ್ಕೇ ಆಟ ನಮ್ಮನ್ನು ಕೇರ್ ಮಾಡುವುದಿಲ್ಲ ಅಂದುಕೊಂಡಿದ್ದೆವು ನೋಡಿ. ಕುರ್ಚಿ ಮುಟ್ಟದವರು ಏಳುವುದಾದರೂ ಎಲ್ಲಿಂದ ಬಂತು? ಇಷ್ಟು ಸಣ್ಣದು ಯಾರ ತಲೆಗೂ ಹೊಳೆದಿರಲಿಲ್ಲ. ಅವಳಿಗಾಗಿ ದೀಪ ಬದಲಿಸಿದರು, ಸದ್ದು ಬದಲಿಸಿದರು, ಕುರ್ಚಿಗೆ ಮೆತ್ತೆಯನ್ನೂ ಹಾಕಿದರು, ಆದರೆ ಕುರ್ಚಿಯೇ ಬೇಡ ಅಂತ ಯಾರಿಗೂ ತಿಳಿಯಲಿಲ್ಲ.

ಆ ಸಂಜೆ ಪಡಸಾಲೆಗೆ ಬಂದ ಅಡಿವೆಪ್ಪ ಇದನ್ನು ಕೇಳಿ ಬೆವರು ಒರೆಸಿಕೊಂಡರು. “ಖರೆ ಐತಿ. ಆದ್ರ ಮರತು ಎಲ್ಯರೆ ಕುಂತಳು ಅಂದ್ರ? ಕಡೇ ಆಟ ಐತಿ ತಾಯಿ.”

ಕಸ್ತೂರಿಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ತಂಗಿಯನ್ನು ನೋಡಿದಳು. “ನೀಲಾ, ನೀ ಬರಬೇಕು ಅಂತ ನನಗೂ ಐತಿ. ಆದ್ರ ಆ ಮಾತು ಒಮ್ಮೆ ಹೇಳಾಕ ನನ್ನ ಹತ್ರ ಧೈರ್ಯ ಐತಿ. ಆಟ ಹಿಂದಕ್ಕ ಹೋಗಿ ಎರಡನೇ ಸಲ ಹೇಳು ಅಂದ್ರ ಎಲ್ಲಿಂದ ತರ್ಲಿ?”

“ನಾ ಕುಂದ್ರಂಗಿಲ್ಲಕ್ಕ” ಅಂದಳು ನೀಲವ್ವ. ಅವಳಿಗೆ ತನ್ನ ಮೇಲೆ ತನಗೇ ಭಯವಿತ್ತು, ದನಿಯಲ್ಲಿ ಗೊತ್ತಾಗುತ್ತಿತ್ತು.

ಕೊನೆಗೆ ಒಪ್ಪಂದ ಆಯಿತು. ಕಡೇ ಸಾಲಿನ ಹಿಂದೆ ಗೋಡೆಯುದ್ದಕ್ಕೆ ಜಾಗ ಬಿಡುವುದು. ಸದ್ದು ತಡೆಯದಿದ್ದರೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಬರುವುದು. ಅಲ್ಲೂ ನೆಲ ಫರಸಿಕಲ್ಲಿನದೇ, ಕಾಲುಂಗುರಕ್ಕೆ ಮಾತ್ರ ನೂಲು ಸುತ್ತಿಕೊಳ್ಳಬೇಕು, ಜನಕ್ಕೆ ಕಿರಿಕಿರಿ ಆಗಬಾರದು ಅಂದರು ಅಡಿವೆಪ್ಪ. ಅದೂ ಸರಿಯೇ ಅನಿಸಿತು ನಮಗೆಲ್ಲ.

ಭಾನುವಾರ ಇಳಿಹೊತ್ತಿನ ಆಟ. ಸಾಲು ಸಾಲು ತುಂಬಿತ್ತು. ನೀಲವ್ವ ಹಿಂದೆ ಗೋಡೆ ಹಿಡಿದು ಶುರು ಮಾಡಿದಳು, ಈ ಮೂಲೆಯಿಂದ ಆ ಮೂಲೆಗೆ. ಪರದೆ ಎದ್ದಿತು. ಏನೂ ಆಗಲಿಲ್ಲ, ಆಟ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ನಗಾರಿ ಬಡಿದಾಗ ಅವಳ ನಡಿಗೆ ಚುರುಕಾಯಿತು. ತಗಡು ಬಡಿಯುವ ಹೊತ್ತಿಗೆ ನಾನು ಮೊದಲೇ ಕೈಮಾಡಿದೆ, ಅವಳು ಪಕ್ಕದ ಬಾಗಿಲಿಂದ ಹೊರಗೆ ಹೋಗಿ, ಸದ್ದು ನಿಂತ ಮೇಲೆ ಒಳಗೆ ಬಂದಳು. ರಾಜ ಒಂದೇ ಸಲಕ್ಕೆ ಸುಸೂತ್ರವಾಗಿ ಸತ್ತ. ನಾಟಕ ಅಂದರೆ ಹೀಗಿರುತ್ತದಾ ಅನ್ನುವ ಹಾಗೆ ಅವಳ ಮುಖ ಅರಳಿತ್ತು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಡೇ ಸೀನು. ಕೋಟೆ ಬಾಗಿಲು, ನೆಲದ ಮೇಲೆ ಅಳುತ್ತಾ ಕೂತ ಪ್ರಜೆಗಳು, ನಡುವೆ ರಾಣಿ. ಕಸ್ತೂರಿಬಾಯಿ ಶುರು ಮಾಡಿದಳು. “ಈ ಬಾಗಿಲದಾಗ ನಾ ಸೊಸಿಯಾಗಿ ಬಂದೆ” ಅಂತ ಮೊದಲಾಗಿ, ಮಕ್ಕಳನ್ನು ಹಡೆದದ್ದು, ಹೂಳಿದ್ದು, ಬೀಗದ ಕೈ ಕೊಟ್ಟದ್ದು. ಹಿಂದೆ ನೀಲವ್ವನ ತುಟಿಗಳೂ ಅದೇ ಮಾತು ಆಡುತ್ತಿದ್ದವು. ನಡುವೆ ಎಲ್ಲೋ ರಾಣಿ ನಿಂತಳು. ಉಸಿರಿಗೆ ನಿಂತಳೇನೋ ಅಂದುಕೊಂಡೆ. ಉಸಿರು ಬಂತು, ಮಾತು ಬರಲಿಲ್ಲ.

ಪರದೆಯ ಹಿಂದಿನಿಂದ ಮಾಸ್ತರು ಹೇಳಿಕೊಟ್ಟರು. ಅವಳು ಅತ್ತ ನೋಡಿ ಇತ್ತ ತಿರುಗಿದಳು. ಮತ್ತೆ ಹೇಳಿಕೊಟ್ಟರು. ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು. ಜನ ಕೂತಲ್ಲೇ ಕಲ್ಲಾಗಿದ್ದರು, ಏಳುವ ಹಾಗಿಲ್ಲ, ಮಾಡುವುದೇನು. ಕಸ್ತೂರಿಬಾಯಿ ತಲೆಯನ್ನು ಒಂದು ಕಡೆ ಓರೆ ಮಾಡಿ ಏನನ್ನೋ ಆಲಿಸುವವಳ ಹಾಗೆ ನಿಂತಳು. ಮನೆಯಲ್ಲಿ ಕಂಬಕ್ಕೆ ಒರಗಿ ಕೂತಾಗ ಅವಳ ತಲೆ ಹಾಗೇ ಇರುತ್ತಿತ್ತು.

ಅಡಿವೆಪ್ಪ ಬದಿಯಲ್ಲಿ ನಿಂತು ಪರದೆಯವನಿಗೆ ಕೈ ಎತ್ತಿದ್ದು ನನಗೆ ಕಾಣಿಸಿತು. ಪರದೆ ಬಿದ್ದರೆ ಮುಗಿಯಿತು, ಕಸ್ತೂರಿಬಾಯಿಯ ಇಷ್ಟು ವರ್ಷದ ಬಾಳು ಆ ಅರ್ಧ ಮಾತಿಗೇ ಮುಗಿಯಿತು.

ಆಗ ನೀಲವ್ವ ಮೂಲೆಗೆ ಬಂದಳು. ಅಲ್ಲಿ ನಾನು ಸೋಡಾ ಪೆಟ್ಟಿಗೆ ಇಡುವ ಒಂದು ಮುರುಕು ಕುರ್ಚಿ ಇತ್ತು. ಪೆಟ್ಟಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಬೇಡ ಅಂತ ನಾನು ಕಣ್ಣಲ್ಲೇ ಅಂದೆ. ಅವಳು ಕೂತಳು. ಬಗ್ಗಿ ಒಂದು ಕಾಲಿನ ನೂಲು ಹರಿದಳು, ಇನ್ನೊಂದು ಕಾಲಿನದೂ ಹರಿದಳು. ಆಮೇಲೆ ಎದ್ದು ನಿಂತಳು.

ಜನವೆಲ್ಲ ಹೋ ಅಂದರು. ಯಾರೋ “ಮತ್ತ ಆಕಿನ” ಅಂತ ಹಲ್ಲು ಕಡಿದದ್ದು ಕೇಳಿಸಿತು. ರಂಗದ ಮೇಲೆ ರಾಣಿಯ ಕಾಲು ಹಿಂದೆ ಹಿಂದೆ ಸರಿದವು, ಪ್ರಜೆಗಳು ಬದಿಗೆ ಹೋದರು, ತೆರೆದಿದ್ದ ಕೋಟೆ ಬಾಗಿಲು ಮುಚ್ಚಿಕೊಂಡಿತು. ಸೀನು ಮೊದಲಿಗೆ ಬಂತು. ಕಸ್ತೂರಿಬಾಯಿ ಮತ್ತೆ ಬಂದು ಬಾಗಿಲ ಮುಂದೆ ನಿಂತಳು. ಮುಖದಲ್ಲಿ ರಕ್ತ ಇರಲಿಲ್ಲ.

ಹಿಂದಿನಿಂದ ಟಕ್ ಟಕ್ ಅಂತ ಶುರುವಾಯಿತು.

ಫರಸಿಯ ಮೇಲೆ ಬೆಳ್ಳಿಯ ಸದ್ದು ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿತು. ಮುಂದಿನ ಸಾಲಿನವರು ಸಿಟ್ಟಿನಿಂದ ಕತ್ತು ತಿರುಗಿಸಿದರು. ಕಸ್ತೂರಿಬಾಯಿಯ ತಲೆ ಓರೆಯಾಯಿತು. “ಈ ಬಾಗಿಲದಾಗ ನಾ ಸೊಸಿಯಾಗಿ ಬಂದೆ” ಅಂದಳು. ಟಕ್ ಟಕ್ ಅಂತ ಹೋಯಿತು, ಮೂಲೆಯಲ್ಲಿ ನಿಂತಿತು, ಅವಳು ಉಸಿರು ತೆಗೆದುಕೊಂಡಳು. ಟಕ್ ಟಕ್ ಅಂತ ತಿರುಗಿ ಬಂತು, ಮಾತೂ ಬಂತು. ಮಕ್ಕಳನ್ನು ಹಡೆದದ್ದು ಬಂತು, ಹೂಳಿದ್ದು ಬಂತು. ಆ ಕೆಟ್ಟ ಜಾಗ ಹತ್ತಿರ ಬಂದಾಗ ನಾನು ಪೆಟ್ಟಿಗೆಯನ್ನು ಅವಚಿ ಹಿಡಿದೆ. ಮೊದಲು ನಿಂತ ಜಾಗವನ್ನು ಅವಳು ದಾಟಿದ್ದೇ ಗೊತ್ತಾಗದ ಹಾಗೆ ದಾಟಿ ಹೋದಳು. ಕತ್ತು ತಿರುಗಿಸಿದ್ದವರು ಮೆಲ್ಲಗೆ ಮುಂದೆ ತಿರುಗಿದರು. ಅವರಿಗೂ ತಿಳಿದಿತ್ತು.

ಮಾತೆಲ್ಲ ಮುಗಿದು ಕಟ್ಟಕಡೆಯದೊಂದು ಉಳಿಯಿತು. ಅದನ್ನು ಯಾವ ನಡಿಗೆಯ ಮೇಲೂ ಕಲಿತಿರಲಿಲ್ಲ. ನೀಲವ್ವ ನಡೆಯುತ್ತಲೇ ಇದ್ದಳು, ಅಕ್ಕನ ಮೇಲಿನ ಕಣ್ಣು ಕೀಳದೆ. ಕಸ್ತೂರಿಬಾಯಿ ನೆಲದ ಮೇಲೆ ಅಳುತ್ತಿದ್ದ ಪ್ರಜೆಗಳನ್ನು ನೋಡಿದಳು, ನಮ್ಮನ್ನು ನೋಡಿದಳು, ನಮ್ಮ ತಲೆಗಳ ಮೇಲಿಂದ ಹಿಂದಿನ ಗೋಡೆಯನ್ನು ನೋಡಿದಳು.

“ಎಷ್ಟೊತ್ತು ಕುಂದರತೀರಿ?” ಅಂದಳು. “ಏಳ್ರಿ. ನನ್ನ ಜೋಡಿ ನಡೀರಿ.”

ಅಷ್ಟೇ. ಅದೇ ಕಡೇ ಮಾತು. ಅದಾದ ಮೇಲೆ ಏಳಬಹುದು, ಆಟ ಎಲ್ಲಿಗೂ ಹಿಂದೆ ಹೋಗುವುದಿಲ್ಲ. ಜನವೆಲ್ಲ ಒಮ್ಮೆಲೇ ಎದ್ದರು. ಕಸ್ತೂರಿಬಾಯಿ ಮೆಟ್ಟಿಲಿಳಿದು ನಡುವಿನ ದಾರಿಯಲ್ಲಿ ನಡೆದು ಬಂದಳು, ಎರಡೂ ಬದಿಯ ಸಾಲಿನವರು ಅವಳ ಹಿಂದೆ ಹೊರಟರು. ಬಾಗಿಲು ಇರುವುದು ಹಿಂದೆ ನೋಡಿ. ಹಾಗಾಗಿ ಎಲ್ಲರಿಗಿಂತ ಮುಂದೆ ಸಿಕ್ಕವಳು ನೀಲವ್ವನೇ.

ಅಕ್ಕ ಅವಳ ಮುಂದೆ ಬಂದು ನಿಂತು ಏದುಸಿರು ಬಿಟ್ಟಳು. “ಅಷ್ಟು ಜಲ್ದಿ ಯಾಕ ನಡದಿಬೇ? ಬೆನ್ನ ಹತ್ತಿ ಹತ್ತಿ ಸಾಕಾತು ನನಗ” ಅಂದಳು.

ನೀಲವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಅಕ್ಕನ ಕೈ ಹಿಡಿದು ಹೊಸ್ತಿಲು ದಾಟಿ ಹೊರಗೆ ಬಂದಳು. ಹೊರಗಿನ ಮೆಟ್ಟಿಲ ಹತ್ತಿರ ತಡೆದಳು. “ತಡಿಯಕ್ಕ” ಅಂದಳು. “ನನ್ನ ಕಾಲಾಗ ಏನೂ ಇಲ್ಲದಂಗ ಆಗೈತಿ. ಒಂದೀಟು ಕುಂದರತೇನಿ.”

ಮೇಲಿನ ಮೆಟ್ಟಿಲ ಮೇಲೆ ಕೂತಳು. ಕಾಲು ಚಾಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಳು. ಕಸ್ತೂರಿಬಾಯಿ ಪಕ್ಕದಲ್ಲಿ ನಿಂತಳು. ಹಿಂದೆ ಬಾಗಿಲಲ್ಲಿ ಅಡಿವೆಪ್ಪ, ಅವರ ಹಿಂದೆ ಸೋಡಾ ಪೆಟ್ಟಿಗೆ ಹೊತ್ತ ನಾನು, ನನ್ನ ಹಿಂದೆ ಊರೆಲ್ಲ ನಿಂತಿತ್ತು, ರಂಗದ ಮೆಟ್ಟಿಲತನಕ. ಯಾರೂ ದಾಟಿ ಹೋಗಲಿಲ್ಲ, ಯಾರೂ ಏಳು ಅನ್ನಲಿಲ್ಲ. ಅವಳಾಗಿ ಏಳುವ ತನಕ ಎಲ್ಲರೂ ಹಾಗೇ ಕಾಯುತ್ತಾ ನಿಂತಿದ್ದೆವು.